ಎರಡು ಹೆಸರಿನ ಊರಲ್ಲಿ ಒಬ್ಬರೇ ಎರಡು ದಿನ

ಓದುಗರ ಪ್ರಶ್ನೆ, ನಮ್ಮ ಉತ್ತರ

ಕೆಲಸಕ್ಕೋ ಓದಿಗೋ ಜರ್ಮನಿ, ನೆದರ್‌ಲೆಂಡ್ಸ್ ಕಡೆ ಹೋದವರು ವಾರದ ಕೊನೆಯಲ್ಲಿ ಒಬ್ಬರೇ ಬ್ರಸೆಲ್ಸ್ ನೋಡಿ ಬರುವುದು ಹೇಗೆ ಎಂದು ಕೇಳಿದ ಪತ್ರಗಳಿಗೆ ಈ ಬಾರಿಯ ಅಂಕಣ ಮೀಸಲು. ಬ್ರಸೆಲ್ಸ್ ಪ್ರಾಂತ್ಯದ 19 ಪುರಸಭೆಗಳಲ್ಲೂ ಫ್ರೆಂಚ್ ಮತ್ತು ಡಚ್ ಎರಡೂ ಆಡಳಿತ ಭಾಷೆಗಳು. ಹಾಗಾಗಿ ಬೀದಿ, ನಿಲ್ದಾಣ, ಚೌಕ ಎಲ್ಲಕ್ಕೂ ಎರಡೆರಡು ಹೆಸರು. ಅಲ್ಲಿಗೆ ಹೋದವರು ದಾರಿ ತಪ್ಪಿದ್ದಕ್ಕಿಂತ, ಒಂದೇ ಜಾಗವನ್ನು ಎರಡು ಜಾಗ ಎಂದುಕೊಂಡು ಪರದಾಡಿದ್ದೇ ಹೆಚ್ಚು.

ಪ್ರಶ್ನೆ: ಮಗಳು ಆಫೀಸಿನ ಕೆಲಸದ ಮೇಲೆ ಮೂರು ವಾರ ಫ್ರಾಂಕ್‌ಫರ್ಟ್‌ನಲ್ಲಿರುತ್ತಾಳೆ. ಜರ್ಮನಿಯ ವೀಸಾದಲ್ಲೇ ಬ್ರಸೆಲ್ಸ್‌ಗೆ ಹೋಗಬಹುದೇ? ಎಲ್ಲಿ ಇಳಿಯಬೇಕು? (ಶಿವಮೊಗ್ಗದ ಓದುಗರು)

ಹೋಗಬಹುದು. ಜರ್ಮನಿ ಕೊಡುವ ಷೆಂಗೆನ್ (ಒಂದೇ ವೀಸಾ ನಡೆಯುವ ಐರೋಪ್ಯ ದೇಶಗಳ ಕೂಟ) ವೀಸಾ ಬೆಲ್ಜಿಯಂಗೂ ನಡೆಯುತ್ತದೆ. ಒಂದೇ ಪ್ರವೇಶದ ವೀಸಾ ಆಗಿದ್ದರೂ ತೊಂದರೆಯಿಲ್ಲ, ಏಕೆಂದರೆ ಎರಡೂ ದೇಶ ಷೆಂಗೆನ್ ಒಳಗೇ ಇವೆ. ಗಡಿಯಲ್ಲಿ ಸಾಮಾನ್ಯವಾಗಿ ಯಾರೂ ನಿಲ್ಲಿಸುವುದಿಲ್ಲ ಎಂದು ಪಾಸ್‌ಪೋರ್ಟನ್ನು ಹೋಟೆಲ್ ಕೋಣೆಯಲ್ಲಿ ಬಿಟ್ಟು ಹೊರಡುವವರಿದ್ದಾರೆ. ಅದು ತಪ್ಪು. ರೈಲಿನಲ್ಲಿ ಪೊಲೀಸರು ಕೇಳಿದರೆ ಮೂಲ ಪಾಸ್‌ಪೋರ್ಟನ್ನೇ ತೋರಿಸಬೇಕು, ಮೊಬೈಲಿನ ಫೋಟೊ ಸಾಲದು.

ಫ್ರಾಂಕ್‌ಫರ್ಟ್‌ನಿಂದ ಜರ್ಮನಿಯ ವೇಗದ ರೈಲು ಐಸಿಇ ಮೂರು ಗಂಟೆಗೆ ಸ್ವಲ್ಪ ಮೇಲೆ ತೆಗೆದುಕೊಳ್ಳುತ್ತದೆ. ಪ್ಯಾರಿಸ್‌ನಿಂದ ಯೂರೋಸ್ಟಾರ್ ಎಂಬ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಆಮ್‌ಸ್ಟರ್‌ಡ್ಯಾಮ್‌ನಿಂದ ಎರಡು ಗಂಟೆ.

ಎಲ್ಲಿ ಇಳಿಯಬೇಕು ಎಂಬುದಕ್ಕೆ ಸ್ವಲ್ಪ ವಿವರ ಬೇಕು. ನಗರದ ನಡುವೆ ಒಂದೇ ಸಾಲಿನಲ್ಲಿ ಮೂರು ದೊಡ್ಡ ನಿಲ್ದಾಣಗಳಿವೆ. ಉತ್ತರದ್ದು ಫ್ರೆಂಚ್‌ನಲ್ಲಿ ನೋರ್, ಡಚ್‌ನಲ್ಲಿ ನೋರ್ಟ್. ನಡುವಿನದು ಸಾಂತ್ರಾಲ್ ಅಥವಾ ಸೆಂಟ್ರಾಲ್. ಈ ಎರಡರಲ್ಲಿ ಹೆಸರುಗಳು ಹತ್ತಿರ ಇರುವುದರಿಂದ ಗೊಂದಲವಿಲ್ಲ. ಎಡವುವುದು ಮೂರನೆಯದರಲ್ಲಿ: ಫ್ರೆಂಚ್‌ನಲ್ಲಿ ಮಿದಿ, ಡಚ್‌ನಲ್ಲಿ ಝೌಯ್ತ್. ಎರಡಕ್ಕೂ ಅರ್ಥ ದಕ್ಷಿಣವೇ, ಆದರೆ ಮಿದಿ ಎಂದರೆ ನಡುಹಗಲು ಎಂದೂ ಅರ್ಥವಿದೆ. ಕೇಳಲು 'ಮಧ್ಯ'ದಂತಿರುವುದರಿಂದ ನಡುಊರಿನ ನಿಲ್ದಾಣ ಇದೇ ಎಂದು ನಮ್ಮವರು ಇಳಿದುಬಿಡುತ್ತಾರೆ. ಯೂರೋಸ್ಟಾರ್ ಬಂದು ನಿಲ್ಲುವುದೂ ಅಲ್ಲೇ. ಅಲ್ಲಿಂದ ಹಳೇ ಪೇಟೆಗೆ ಒಂದೂವರೆ ಕಿ.ಮೀ.ಗಿಂತ ಹೆಚ್ಚು ನಡಿಗೆ. ಅದರ ಬದಲು ಅದೇ ನಿಲ್ದಾಣದಿಂದ ಉತ್ತರಕ್ಕೆ ಹೋಗುವ ಯಾವುದಾದರೂ ಸ್ಥಳೀಯ ರೈಲು ಹತ್ತಿದರೆ ನಾಲ್ಕೈದು ನಿಮಿಷದಲ್ಲಿ ಸೆಂಟ್ರಾಲ್. ಅಲ್ಲಿಂದ ಹಳೇ ಪೇಟೆಯ ಮುಖ್ಯ ಚೌಕವಾದ ಗ್ರಾಂಪ್ಲಾಸ್‌ಗೆ ಐದು ನಿಮಿಷ ಇಳಿಜಾರು. ಟಿಕೆಟ್ ಕೊಳ್ಳುವಾಗ 'ಬ್ರಸೆಲ್ಸ್' ವಲಯಕ್ಕೆ ಕೊಂಡರೆ ಮೂರು ನಿಲ್ದಾಣಗಳಲ್ಲಿ ಎಲ್ಲಿ ಬೇಕಾದರೂ ಇಳಿಯಬಹುದು.

ವಿಮಾನದಲ್ಲಿ ಬರುವವರಿಗೂ ಒಂದು ಎಚ್ಚರ. 'ಬ್ರಸೆಲ್ಸ್ ಸೌತ್ ಶಾರ್ಲ್‌ರ್ವಾ' ಎಂಬ ವಿಮಾನ ನಿಲ್ದಾಣಕ್ಕೂ ಬ್ರಸೆಲ್ಸ್‌ನ ದಕ್ಷಿಣ ರೈಲು ನಿಲ್ದಾಣಕ್ಕೂ ಸಂಬಂಧವಿಲ್ಲ. ಅದು ಊರಿನಿಂದ ಸುಮಾರು 50 ಕಿ.ಮೀ. ದೂರ, ಬಸ್ಸಿನಲ್ಲಿ ಒಂದು ಗಂಟೆ. ಅಗ್ಗದ ಟಿಕೆಟ್ ಸಿಕ್ಕಿತೆಂದು ಹಿಗ್ಗುವ ಮೊದಲು ಹೋಗಿಬರುವ ಬಸ್ ಚಾರ್ಜನ್ನೂ ಎರಡು ಗಂಟೆಯನ್ನೂ ಕೂಡಿಸಿ ನೋಡಿ.

ಪ್ರಶ್ನೆ: ನಾನು ಬೆಳಗಾವಿಯವಳು, ಎರಡು ಭಾಷೆಯ ಫಲಕ ನನಗೆ ಹೊಸದಲ್ಲ. ಆದರೆ ಎರಡೂ ಗೊತ್ತಿಲ್ಲದ ಊರಿನಲ್ಲಿ ಒಬ್ಬಳೇ ಫಲಕ ಓದುವುದು ಹೇಗೆ? ಯಾವ ಭಾಷೆಯಲ್ಲಿ ಮಾತು ಶುರು ಮಾಡಿದರೆ ಯಾರಿಗೂ ಬೇಸರವಾಗುವುದಿಲ್ಲ?

ಮೊದಲು ಫಲಕ. ಬೀದಿ ಮೂಲೆಯ ನೀಲಿ ಪಟ್ಟಿಯಲ್ಲಿ ಬಿಳಿ ಅಕ್ಷರದಲ್ಲಿ ಎರಡೂ ಹೆಸರು ಇರುತ್ತವೆ. ಫ್ರೆಂಚ್‌ನಲ್ಲಿ 'ಬೀದಿ' ಎಂಬ ಪದ ಹೆಸರಿನ ಮೊದಲು ಬರುತ್ತದೆ, ಡಚ್‌ನಲ್ಲಿ ನಮ್ಮ ಕನ್ನಡದ ಹಾಗೆ ಕೊನೆಗೆ. ಅದಕ್ಕೇ ವ್ಯಕ್ತಿಯ ಹೆಸರಿಟ್ಟ ಕಡೆ ಜಾಗ ಉಳಿಸುವ ಒಂದು ಉಪಾಯ ಮಾಡಿದ್ದಾರೆ: 'ಪ್ಲಾಸ್ ಪೂಲಾರ್ಟ್ ಪ್ಲೇಯ್ನ್' (ಪ್ಲಾಸ್, ಪ್ಲೇಯ್ನ್ ಎರಡಕ್ಕೂ ಅರ್ಥ ಚೌಕ). ಎಡದಿಂದ ನಡುವಿನವರೆಗೆ ಓದಿದರೆ ಫ್ರೆಂಚ್, ನಡುವಿನಿಂದ ಬಲಕ್ಕೆ ಓದಿದರೆ ಡಚ್. ಇದು ತಿಳಿಯದೆ ಮೂರನ್ನೂ ಸೇರಿಸಿ ಮೊಬೈಲ್ ನಕ್ಷೆಯಲ್ಲಿ ಟೈಪ್ ಮಾಡಿದರೆ ಕೆಲವೊಮ್ಮೆ ಏನೂ ಸಿಗುವುದಿಲ್ಲ. ನಡುವಿನ ಹೆಸರೊಂದನ್ನೇ ಹಾಕಿ ಹುಡುಕಿ. ಮರೋಲ್ ಎಂಬ ಹಳೇ ಕೇರಿಯಲ್ಲಿ ಕೆಲವು ಬೀದಿಗಳಿಗೆ ಊರಿನ ಆಡುಮಾತಿನ ಮೂರನೆಯ ಹೆಸರೂ ಇದೆ, ಅದನ್ನು ನೋಡಿ ಗಾಬರಿಯಾಗಬೇಡಿ.

ಹೆಸರು ಅನುವಾದವಾದಾಗ ಕಷ್ಟ ಹೆಚ್ಚು. ಮೆಟ್ರೊದ ಆರ್-ಲ್ವಾ ನಿಲ್ದಾಣವೂ ಕುನ್ಸ್ಟ್-ವೆಟ್ ನಿಲ್ದಾಣವೂ ಒಂದೇ. ಎರಡರ ಅರ್ಥವೂ 'ಕಲೆ-ಕಾನೂನು', ಆ ಹೆಸರಿನ ಎರಡು ರಸ್ತೆಗಳು ಕೂಡುವ ಜಾಗ ಅದು. ಅರ್ಥವೇ ಬೇರೆಯಾಗಿರುವ ಜೋಡಿಗಳೂ ಇವೆ. ಗ್ರಾಂಪ್ಲಾಸ್ ಚೌಕದಲ್ಲಿ ನಗರ ವಸ್ತುಸಂಗ್ರಹಾಲಯ ಇರುವ ಕಟ್ಟಡ ಫ್ರೆಂಚರಿಗೆ 'ರಾಜನ ಮನೆ' (ಮೆಜೋಂ ದ್ಯು ರ್ವಾ), ಡಚ್ಚರಿಗೆ 'ರೊಟ್ಟಿ ಮನೆ' (ಬ್ರೋಡ್‌ಹೌಸ್). ಹಳೇ ಸಾಮಾನಿನ ಸಂತೆ ನಡೆಯುವ ಚೌಕ ಫ್ರೆಂಚ್‌ನಲ್ಲಿ 'ಚೆಂಡಾಟದ ಚೌಕ' (ಜ್ಯೂ ದ ಬಾಲ್), ಡಚ್‌ನಲ್ಲಿ 'ನರಿ ಚೌಕ' (ವೊಸ್ಸನ್‌ಪ್ಲೇಯ್ನ್). ಹೊರಡುವ ಹಿಂದಿನ ರಾತ್ರಿ ನೀವು ಹೋಗುವ ಏಳೆಂಟು ಜಾಗಗಳ ಎರಡೂ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒಬ್ಬರೇ ಹೋದಾಗ 'ಇದೇನಾ ಅದು' ಎಂದು ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲವಲ್ಲ.

ಕಣ್ಣಿಗೆ ಬೀಳುವ ಪದಗಳಲ್ಲಿ ಇಷ್ಟು ಸಾಕು: ಹೊರದಾರಿಗೆ 'ಸೋರ್ತಿ' ಮತ್ತು 'ಔಟ್‌ಖಾಂಗ್', ತಳ್ಳಿ ಎನ್ನಲು 'ಪೂಸೆ' ಮತ್ತು 'ದ್ಯೂವನ್', ಎಳೆಯಿರಿ ಎನ್ನಲು 'ತಿರೆ' ಮತ್ತು 'ಟ್ರೆಕ್ಕನ್'. ಊರಿನ ಹೆಸರನ್ನು ಫ್ರೆಂಚ್‌ನಲ್ಲಿ ಬರೆದಾಗ ನಡುವೆ ಎಕ್ಸ್ ಅಕ್ಷರ ಇದ್ದರೂ ಅಲ್ಲಿನವರು 'ಬ್ರುಸೆಲ್' ಎಂದೇ ಅನ್ನುತ್ತಾರೆ, 'ಬ್ರುಕ್ಸೆಲ್' ಅನ್ನುವುದಿಲ್ಲ.

ಇನ್ನು ಮಾತು. ಬ್ರಸೆಲ್ಸ್ ಒಳಗೆ ಅಂಗಡಿ, ಹೋಟೆಲುಗಳಲ್ಲಿ ಫ್ರೆಂಚ್ ಹೆಚ್ಚು. 'ಬೋಂಜೂರ್' ಎಂದು ಶುರು ಮಾಡಿ, ಉತ್ತರ ಕೇಳಿ, ಆಮೇಲೆ ಇಂಗ್ಲಿಷ್‌ಗೆ ಬನ್ನಿ. ನಮಸ್ಕಾರವಿಲ್ಲದೆ ನೇರ ಇಂಗ್ಲಿಷ್‌ನಲ್ಲಿ ಪ್ರಶ್ನೆ ಎಸೆದರೆ ಮುಖ ಗಂಟಾಗುವುದುಂಟು. ಅದು ಭಾಷೆಯ ಸಿಟ್ಟಲ್ಲ, ನಮಸ್ಕಾರ ಹೇಳದ ಸಿಟ್ಟು. ಪ್ರಾಂತ್ಯದ ಗಡಿ ದಾಟಿ ಗೆಂಟ್, ಲ್ಯೂವನ್, ಆಂಟ್‌ವರ್ಪ್ ಕಡೆ ಹೋದರೆ ಲೆಕ್ಕ ಬದಲು. ಅದು ಡಚ್ ಮಾತ್ರ ಆಡಳಿತ ಭಾಷೆಯಾಗಿರುವ ಫ್ಲಾಂಡರ್ಸ್. ಅಲ್ಲಿ ಫ್ರೆಂಚ್‌ನಲ್ಲಿ ಬಾಯಿ ತೆರೆಯುವುದಕ್ಕಿಂತ ಇಂಗ್ಲಿಷ್ ವಾಸಿ. ಇದರ ಹಿಂದಿನ ಇತಿಹಾಸವನ್ನು ಬೆಳಗಾವಿಯವರಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಭಾಷಾ ಗಡಿಯನ್ನು ಕಾನೂನಿನಲ್ಲಿ ಗೆರೆ ಎಳೆದು ನಿಲ್ಲಿಸಿದ್ದು 1962-63ರಲ್ಲಿ. ಚಹಾ ಕುಡಿಯುವಾಗ ಆ ಚರ್ಚೆ ಎತ್ತದಿದ್ದರೆ ಒಳ್ಳೆಯದು.

ಫ್ರೆಂಚ್ ಕಲಿತವರಿಗೆ ಒಂದು ಸಿಹಿಸುದ್ದಿ: ಫ್ರಾನ್ಸಿನಲ್ಲಿ ಎಪ್ಪತ್ತಕ್ಕೆ 'ಅರವತ್ತು-ಹತ್ತು', ತೊಂಬತ್ತಕ್ಕೆ 'ನಾಲ್ಕಿಪ್ಪತ್ತು-ಹತ್ತು' ಎನ್ನುವ ಸರ್ಕಸ್ ಇಲ್ಲಿಲ್ಲ. ಸೆಪ್ಟಾಂಟ್, ನೊನಾಂಟ್ ಎನ್ನುತ್ತಾರೆ, ಬೆಲೆ ಕೇಳಿದ ಕೂಡಲೇ ತಿಳಿಯುತ್ತದೆ.

ಪ್ರಶ್ನೆ: ಮೆಟ್ರೊ, ಟ್ರಾಮಿಗೆ ಪಾಸ್ ಮಾಡಿಸಬೇಕೇ? ನಮ್ಮ ಬ್ಯಾಂಕ್ ಕಾರ್ಡ್ ನಡೆಯುತ್ತದೆಯೇ? (ಮೈಸೂರಿನ ಓದುಗರು)

ಎರಡು ದಿನಕ್ಕೆ ಪಾಸ್ ಬೇಡ. ಸ್ಥಳೀಯ ಸಾರಿಗೆ ಸಂಸ್ಥೆಗೂ ಎರಡು ಹೆಸರು: ಸ್ಟಿಬ್ ಮತ್ತು ಮಿವ್ಬ್. ಅದರ ಬಸ್, ಟ್ರಾಮ್, ಮೆಟ್ರೊಗಳಲ್ಲಿ ಮುಟ್ಟಿಸಿ ಪಾವತಿಸುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಸಾಕು. ಒಂದು ಪ್ರಯಾಣ 60 ನಿಮಿಷ ಚಾಲ್ತಿ, ಅಷ್ಟರೊಳಗೆ ಬದಲಿಸಿ ಹತ್ತಿದರೆ ಮತ್ತೆ ಹಣ ಕತ್ತರಿಸುವುದಿಲ್ಲ, ಆದರೆ ಪ್ರತಿ ಸಲ ಹತ್ತಿದಾಗಲೂ ಕಾರ್ಡ್ ಮುಟ್ಟಿಸಲೇಬೇಕು. ದಿನಕ್ಕೊಂದು ಗರಿಷ್ಠ ಮಿತಿ ಇದೆ, ಅದನ್ನು ಮುಟ್ಟಿದ ಮೇಲೆ ಉಳಿದ ಓಡಾಟ ಪುಕ್ಕಟೆ.

ಕೆಲಸ ಕೆಡುವುದು ಮೂರು ಕಡೆ. ಒಂದು, ನಮ್ಮ ದೇಶದ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿಗೆ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ 'ವಿದೇಶಿ' ಮತ್ತು 'ಕಾಂಟ್ಯಾಕ್ಟ್‌ಲೆಸ್' ಎರಡನ್ನೂ ಪ್ರತ್ಯೇಕವಾಗಿ ತೆರೆಯಬೇಕು. ಒಂದನ್ನು ತೆರೆದು ಇನ್ನೊಂದನ್ನು ಮರೆತರೆ ಯಂತ್ರ ಕೆಂಪು ತೋರಿಸುತ್ತದೆ. ಎರಡು, ಬೆಳಗ್ಗೆ ಪ್ಲಾಸ್ಟಿಕ್ ಕಾರ್ಡ್, ಮಧ್ಯಾಹ್ನ ಅದೇ ಕಾರ್ಡ್ ಸೇರಿಸಿದ ಮೊಬೈಲ್ ಎಂದು ಬದಲಿಸಿದರೆ ಯಂತ್ರ ಅವನ್ನು ಇಬ್ಬರು ಪ್ರಯಾಣಿಕರೆಂದು ಎಣಿಸುತ್ತದೆ. ಬದಲಿ ಪ್ರಯಾಣವೂ ಹೋಯಿತು, ದಿನದ ಮಿತಿಯೂ ಹೋಯಿತು. ಮೂರು, ಬಾಗಿಲ ಬಳಿ ಎರಡು ಬಗೆಯ ಯಂತ್ರ ಇರುವ ಕಡೆ ಕೆಂಪನೆಯದು ಸ್ಥಳೀಯ ಪ್ರಯಾಣ ಕಾರ್ಡಿಗೆ, ಬೂದು ಬಣ್ಣದ್ದು ಬ್ಯಾಂಕ್ ಕಾರ್ಡಿಗೆ.

ಒಂಬತ್ತು ಗೋಳಗಳ ಕಟ್ಟಡ ಅಟೋಮಿಯಂಗೆ (ವಿವರ ಮುಂದಿನ ಉತ್ತರದಲ್ಲಿದೆ) ದಾರಿ: ಸೆಂಟ್ರಾಲ್‌ನಿಂದ ಮೆಟ್ರೊದ 1 ಅಥವಾ 5ನೇ ಸಾಲಿನಲ್ಲಿ ಪಶ್ಚಿಮಕ್ಕೆ ಬೇಕಾಂಟ್‌ವರೆಗೆ, ಅಲ್ಲಿ 6ನೇ ಸಾಲಿಗೆ ಬದಲಿಸಿ 'ರ್ವಾ ಬೋದ್ವೇಂ / ಕೋನಿಂಗ್ ಬೌದವೈನ್' ಕಡೆಯ ಬಂಡಿ ಹತ್ತಿ 'ಹೈಸೆಲ್'ನಲ್ಲಿ ಇಳಿಯಿರಿ. ಅದೇ ಹಳಿಯ ಮೇಲೆ 2ನೇ ಸಾಲಿನ ಬಂಡಿಯೂ ಬರುತ್ತದೆ, ಆದರೆ ಅದು ಸಿಮೋನಿಸ್‌ನಲ್ಲೇ ನಿಂತುಬಿಡುತ್ತದೆ. ಹತ್ತಿಬಿಟ್ಟರೆ ಅಲ್ಲಿ ಇಳಿದು ಹಿಂದೆ ಬರುವ 6ಕ್ಕೆ ಕಾಯಿರಿ, ಅಷ್ಟೇ.

ಪ್ರಶ್ನೆ: ಎರಡು ದಿನದಲ್ಲಿ ಏನು ನೋಡುವುದು, ಏನು ಬಿಡುವುದು? (ಬೆಂಗಳೂರಿನ ಓದುಗಿ)

ಶನಿವಾರ-ಭಾನುವಾರ ಇಟ್ಟುಕೊಳ್ಳಿ. ಸೋಮವಾರ ಮುಖ್ಯ ವಸ್ತುಸಂಗ್ರಹಾಲಯಗಳಲ್ಲಿ ಬಹುಪಾಲು ಮುಚ್ಚಿರುತ್ತವೆ. ಇನ್ನೊಂದು ಲಾಭವೂ ಇದೆ: ಐರೋಪ್ಯ ಒಕ್ಕೂಟದ ಕಚೇರಿಗಳಿರುವ ಶೂಮನ್ ಸುತ್ತಿನ ಹೋಟೆಲುಗಳು ವಾರದ ದಿನಗಳಲ್ಲಿ ಅಧಿಕಾರಿಗಳಿಂದ ತುಂಬಿ ದುಬಾರಿ, ವಾರದ ಕೊನೆಗೆ ಖಾಲಿಯಾಗಿ ದರ ಇಳಿಯುತ್ತದೆ. ಮೆಟ್ರೊದಲ್ಲಿ ಹಳೇ ಪೇಟೆಗೆ ಹತ್ತು ನಿಮಿಷದೊಳಗೆ.

ಗ್ರಾಂಪ್ಲಾಸ್‌ಗೆ (ಡಚ್‌ನಲ್ಲಿ ಖ್ರೋಟೆ ಮಾರ್ಕ್ಟ್) ಬೆಳಗ್ಗೆ ಒಂಬತ್ತರ ಮೊದಲು ಹೋಗಿ. ಪ್ರವಾಸಿ ಗುಂಪುಗಳು ಇನ್ನೂ ಬಂದಿರುವುದಿಲ್ಲ, ಸಾಮಾನು ಇಳಿಸುವ ವಾಹನಗಳಷ್ಟೇ ಇರುತ್ತವೆ. 1695ರಲ್ಲಿ ಫ್ರೆಂಚ್ ಸೇನೆಯ ತೋಪುಗಳಿಗೆ ಈ ಚೌಕ ಸುಟ್ಟುಹೋಯಿತು. ಪುರಭವನದ 96 ಮೀಟರ್ ಗೋಪುರವೂ ಹೊರಗೋಡೆಗಳೂ ಉಳಿದವು, ಸುತ್ತಲಿನ ಕಸುಬುದಾರರ ಸಂಘಗಳ ಮನೆಗಳನ್ನು ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿದರು. ಪುರಭವನದ ಎದುರು ನಿಂತು ಗೋಪುರದ ಎಡ-ಬಲ ಕಿಟಕಿಗಳನ್ನು ಎಣಿಸಿ, ಎರಡು ಕಡೆಯೂ ಸಮ ಇಲ್ಲ. ಬೇರೆಬೇರೆ ಕಾಲದಲ್ಲಿ ಕಟ್ಟಿದ ರೆಕ್ಕೆಗಳು ಅವು.

ಮೂತ್ರ ಹೊಯ್ಯುವ ಹುಡುಗನ ಮೂರ್ತಿ, ಮನ್ನೆಕನ್ ಪಿಸ್, ನೋಡಿದವರೆಲ್ಲ 'ಇಷ್ಟೇನಾ' ಎನ್ನುತ್ತಾರೆ. ನಮ್ಮ ಮೊಣಕಾಲಿಗಿಂತ ಸ್ವಲ್ಪ ಎತ್ತರದ ಕಂಚಿನ ಗೊಂಬೆ. ಬೀದಿಯಲ್ಲಿರುವುದು ನಕಲು, 1619ರ ಅಸಲು ಮೂರ್ತಿ ಆ 'ರಾಜನ ಮನೆ ಅಥವಾ ರೊಟ್ಟಿ ಮನೆ'ಯಲ್ಲಿದೆ. ಅವನಿಗೆ ಸಾವಿರಕ್ಕೂ ಮೀರಿದ ಉಡುಪುಗಳಿವೆ. ಮೂರ್ತಿಗೆ ಐದು ನಿಮಿಷ ಸಾಕು, ಉಡುಪಿನ ಸಂಗ್ರಹಾಲಯಕ್ಕೆ ಅರ್ಧ ಗಂಟೆ ಕೊಡಬಹುದು.

ಆಮೇಲೆ ಗುಡ್ಡ ಹತ್ತಿ ಚಿತ್ರಕಾರ ಮ್ಯಾಗ್ರಿಟ್‌ನ ಮ್ಯೂಸಿಯಂ (ಎರಡು ಗಂಟೆ). ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಪೂಲಾರ್ಟ್ ಚೌಕದ ನ್ಯಾಯಾಲಯ. 1883ರಲ್ಲಿ ಮುಗಿದ ಈ ದೈತ್ಯ ಕಟ್ಟಡಕ್ಕೆ 1980ರ ದಶಕದಲ್ಲಿ ದುರಸ್ತಿಗೆಂದು ಸಾರುವೆ ಕಟ್ಟಿದರು, ದುರಸ್ತಿ ಎಳೆಯುತ್ತ ಎಳೆಯುತ್ತ ಕೊನೆಗೆ ಸಾರುವೆಗೇ ದುರಸ್ತಿ ಬೇಕಾಯಿತು. ಸರ್ಕಾರಿ ಕಾಮಗಾರಿ ಎಲ್ಲ ಊರಿನದೂ ಒಂದೇ ಜಾತಿ. ಚೌಕದ ಅಂಚಿನ ಗಾಜಿನ ಲಿಫ್ಟ್‌ನಲ್ಲಿ ಪುಕ್ಕಟೆ ಇಳಿದರೆ ಮರೋಲ್ ಕೇರಿ, ನರಿ ಚೌಕದ ಸಂತೆ. ಸಂತೆ ಮಧ್ಯಾಹ್ನ ಎರಡು-ಮೂರರ ಹೊತ್ತಿಗೆ ಮುಗಿಯುತ್ತದೆ, ಆದ್ದರಿಂದ ಅದನ್ನು ಭಾನುವಾರ ಬೆಳಗ್ಗೆಗೆ ಇಟ್ಟುಕೊಳ್ಳಿ.

ವಾಸ್ತುಶಿಲ್ಪಿ ವಿಕ್ಟರ್ ಓರ್ತಾ ತನಗಾಗಿ ಕಟ್ಟಿಕೊಂಡ ಮನೆಯನ್ನು ಬಿಡಬೇಡಿ. ಆತನ ನಾಲ್ಕು ಮನೆಗಳು 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು, ಇದೂ ಅವುಗಳಲ್ಲೊಂದು. ಮೆಟ್ಟಿಲ ಕಟಾಂಜನ ಬಳ್ಳಿಯಂತೆ ತಿರುಚಿಕೊಂಡು ಮೇಲೇರಿ ಗಾಜಿನ ಸೂರಿನ ಬೆಳಕಿಗೆ ಸೇರುತ್ತದೆ. ಒಳಗೆ ಒಮ್ಮೆಗೆ ಕೆಲವರನ್ನಷ್ಟೇ ಬಿಡುವುದರಿಂದ ಸಮಯ ಮೊದಲೇ ಕಾಯ್ದಿರಿಸಬೇಕು. ಕಾಯ್ದಿರಿಸದೆ ಹೋದವರು ಬಾಗಿಲಿನಿಂದಲೇ ವಾಪಸ್.

ಅಟೋಮಿಯಂ 1958ರ ವಿಶ್ವ ಮೇಳಕ್ಕೆ ಕಟ್ಟಿದ್ದು: ಕಬ್ಬಿಣದ ಹರಳನ್ನು 165 ಶತಕೋಟಿ ಪಟ್ಟು ಹಿಗ್ಗಿಸಿದ ರೂಪ, 102 ಮೀಟರ್ ಎತ್ತರ, ಒಂಬತ್ತು ಗೋಳ. ಹೊರಗಿನಿಂದ ಸೊಗಸು. ಒಳಗೆ ಹೋಗಲು ಸಾಲು ಮತ್ತು ಟಿಕೆಟ್ ಎರಡೂ ದೊಡ್ಡವು. ಸಮಯ ಕಡಿಮೆ ಇದ್ದರೆ ಬುಡದಲ್ಲಿ ನಿಂತು ನೋಡಿ ಬಂದರೆ ನಷ್ಟವೇನಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆ ಎರಡು ಗಂಟೆಯನ್ನು ಲಿಯೋಪೋಲ್ಡ್ ಉದ್ಯಾನದ 'ಐರೋಪ್ಯ ಇತಿಹಾಸದ ಮನೆ'ಗೆ ಕೊಡಿ. ಪ್ರವೇಶ ಪುಕ್ಕಟೆ, ಕೈಗೆ ಕೊಡುವ ಸಾಧನದಲ್ಲಿ 24 ಭಾಷೆಗಳ ವಿವರಣೆ.

ಪ್ರಶ್ನೆ: ಶುದ್ಧ ಸಸ್ಯಾಹಾರಿ. ಆಲೂಗಡ್ಡೆ ಫ್ರೈಸ್ ತಿಂದು ಎರಡು ದಿನ ಕಳೆಯಬಹುದಲ್ಲವೇ? (ಉಡುಪಿಯ ಓದುಗರು)

ಅಲ್ಲೇ ಎಡವುವುದು. ಬೆಲ್ಜಿಯಂನ ಸಾಂಪ್ರದಾಯಿಕ ಫ್ರೈಸ್ ಕರಿಯುವುದು ದನದ ಕೊಬ್ಬಿನಲ್ಲಿ. ಎರಡು ಬಾರಿ ಕರಿಯುತ್ತಾರೆ: ಮೊದಲು ಸುಮಾರು 150-160 ಡಿಗ್ರಿಯಲ್ಲಿ ಒಳಗು ಬೇಯಲು, ತಣಿಸಿ ಮತ್ತೆ 180ರ ಹತ್ತಿರ ಹೊರಗು ಗರಿಗರಿಯಾಗಲು. ಆ ಘಮ ಕೊಬ್ಬಿನದೇ. ಸಸ್ಯದೆಣ್ಣೆ ಬಳಸುವ ಗಾಡಿಗಳೂ ಇವೆ, ಕೇಳಿಯೇ ಕೊಳ್ಳಬೇಕು. ಫ್ರೆಂಚ್‌ನಲ್ಲಿ 'ವೀಲ್ ವೆಜೆತಾಲ್?', ಡಚ್‌ನಲ್ಲಿ 'ಪ್ಲಾಂಟಾರ್ದಿಖೆ ಓಲಿ?'. 'ವೆಜಿಟೇರಿಯನ್ನಾ' ಎಂದು ಕೇಳಿದರೆ ಆಲೂಗಡ್ಡೆ ತಾನೆ ಎಂದು ಹೌದೆನ್ನುತ್ತಾರೆ, ಅವರ ತಪ್ಪಲ್ಲ, ಪ್ರಶ್ನೆಯದು. ಮೇಲೆ ಹಾಕುವ ಮೇಯನೇಸ್‌ನಲ್ಲಿ ಮೊಟ್ಟೆ ಇರುತ್ತದೆ. ಚೀಸ್ ಕ್ರೋಕೆಟ್ ಎಂಬ ಕರಿದ ತಿಂಡಿ ಸೀಗಡಿ ಕ್ರೋಕೆಟ್ ಕರಿದ ಬಾಣಲೆಯಿಂದಲೇ ಬರಬಹುದು. ತರಕಾರಿ ಸೂಪ್‌ಗೂ ಮಾಂಸದ ಸಾರು ಸೇರಿರುವುದುಂಟು.

ದೋಸೆಯಂತೆ ಕಾಣುವ ವಾಫಲ್‌ನಲ್ಲಿ ಎರಡು ಜಾತಿ. ಬ್ರಸೆಲ್ಸ್‌ನದು ಆಯತಾಕಾರ, ಹಗುರ, ಮೇಲೆ ಸಕ್ಕರೆ ಪುಡಿ. ಲಿಯೇಜ್‌ನದು ಅಂಚು ಅಂಕುಡೊಂಕು, ಕಣಕದಂಥ ಹಿಟ್ಟು, ಒಳಗೆ ಕಲ್ಲುಸಕ್ಕರೆಯಂಥ ಹರಳು ಕರಗಿ ಕಚ್ಚಿದಾಗ ಕಟುಮ್ಮೆನ್ನುತ್ತದೆ. ಎರಡಕ್ಕೂ ಮೊಟ್ಟೆ ಹಾಕುತ್ತಾರೆ. ಚಾಕೊಲೇಟ್ ಪ್ರಲೀನ್‌ಗಳಲ್ಲಿ ಕೆಲವಕ್ಕೆ ಒಳಗೆ ಮದ್ಯ ತುಂಬಿರುತ್ತಾರೆ, ಪೆಟ್ಟಿಗೆ ಕೊಳ್ಳುವ ಮೊದಲು ಕೇಳಿ.

ಹಾಗಾದರೆ ತಿನ್ನುವುದೇನು? ಫಲಾಫೆಲ್ ರೋಲ್, ಲೆಬನಾನಿ ಅಂಗಡಿಗಳ ಹಮ್ಮಸ್, ಸೂಪರ್‌ಮಾರ್ಕೆಟ್‌ನ ಬ್ರೆಡ್ಡು, ಮೊಸರು, ಹಣ್ಣು. ಜತೆಗೆ ಊರಿನಿಂದ ತಂದ ಚಟ್ನಿಪುಡಿ. ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆಯಿಂದ ಸಂಜೆ ಆರರವರೆಗೆ ಮುಚ್ಚುವುದು ಸಾಮಾನ್ಯ, ಮೂರು ಗಂಟೆಗೆ ಊಟ ಹುಡುಕಬೇಡಿ.

ಪ್ರಶ್ನೆ: ಭಾನುವಾರ ಅರ್ಧ ದಿನ ಪಕ್ಕದ ಊರಿಗೆ ರೈಲಿನಲ್ಲಿ ಹೋಗಿಬರಬಹುದೇ? (ಹುಬ್ಬಳ್ಳಿಯ ಓದುಗರು)

ಖಂಡಿತ. ಲ್ಯೂವನ್ 25 ನಿಮಿಷ, ಗೆಂಟ್ ಅರ್ಧ ಗಂಟೆ ಮೇಲೆ, ಬ್ರೂಜ್ ಒಂದು ಗಂಟೆ. ಅರ್ಧ ದಿನಕ್ಕೆ ಗೆಂಟ್ ಸರಿ. ದೇಶದೊಳಗಿನ ಸಾಮಾನ್ಯ ರೈಲುಗಳಿಗೆ ಸೀಟು ಕಾಯ್ದಿರಿಸುವ ಪದ್ಧತಿ ಇಲ್ಲ. ಟಿಕೆಟ್ ಹತ್ತುವ ಮೊದಲೇ ಕೊಳ್ಳಿ, ರೈಲಿನೊಳಗೆ ಕೊಂಡರೆ ಹೆಚ್ಚುವರಿ ದರ.

ರೈಲು ಹತ್ತಿದ ಮೇಲೆ ಒಂದು ವಿಚಿತ್ರ ನಡೆಯುತ್ತದೆ. ಬ್ರಸೆಲ್ಸ್ ದಾಟುವವರೆಗೆ ಎರಡೂ ಭಾಷೆಯ ಘೋಷಣೆ, ಫ್ಲಾಂಡರ್ಸ್ ಹೊಕ್ಕ ಕೂಡಲೇ ಡಚ್ ಮಾತ್ರ, ಫ್ರೆಂಚ್ ನುಡಿಯ ದಕ್ಷಿಣ ಪ್ರಾಂತ್ಯ ವಲೋನಿಯ ಹೊಕ್ಕರೆ ಫ್ರೆಂಚ್ ಮಾತ್ರ. ಫಲಕದ ಹೆಸರೂ ಹಾಗೆಯೇ ಬದಲು. ಲಿಯೇಜ್‌ಗೆ ಹೊರಟವರಿಗೆ ಲ್ಯೂವನ್‌ನಲ್ಲಿ ಫಲಕ 'ಲೌಯ್ಕ್' ಎಂದು ತೋರಿಸುತ್ತದೆ. ತಪ್ಪು ರೈಲೆಂದು ಇಳಿದುಬಿಡಬೇಡಿ. ಮೋನ್ಸ್ ಎಂದರೆ ಬೆರ್ಖನ್, ತುರ್ನೇ ಎಂದರೆ ಡೋರ್ನಿಕ್, ನಾಮ್ಯುರ್ ಎಂದರೆ ನಾಮನ್, ಫ್ರಾನ್ಸಿನ ಲಿಲ್ ಕೂಡ ಡಚ್ ಫಲಕದಲ್ಲಿ ರೈಸಲ್.

ಇದರ ತಿರುಗುಮುರುಗು ಲ್ಯೂವನ್‌ನಲ್ಲಿದೆ. ಅದರ ಫ್ರೆಂಚ್ ಹೆಸರು ಲೂವೇಂ. ಆದರೆ 'ಲೂವೇಂ-ಲ-ನವ್' ಬೇರೆಯೇ ಊರು. 1968ರ ಭಾಷಾ ಜಗಳದಲ್ಲಿ ಲ್ಯೂವನ್ ವಿಶ್ವವಿದ್ಯಾಲಯ ಎರಡು ಹೋಳಾಗಿ, ಫ್ರೆಂಚ್ ವಿಭಾಗಕ್ಕೆಂದು ವಲೋನಿಯದಲ್ಲಿ ಕಟ್ಟಿದ ಹೊಸ ಊರದು. ಗ್ರಂಥಾಲಯದ ಪುಸ್ತಕಗಳನ್ನೂ ಕ್ರಮಸಂಖ್ಯೆ ಸಮವೋ ಬೆಸವೋ ನೋಡಿ ಹಂಚಿಕೊಂಡರು. ಟಿಕೆಟ್ ಯಂತ್ರದಲ್ಲಿ ಅವಸರದಲ್ಲಿ ಮೊದಲ ಹೆಸರು ಒತ್ತಿದರೆ ಹಳೇ ಪುರಭವನದ ಬದಲು ಕಾಂಕ್ರೀಟ್ ಕ್ಯಾಂಪಸ್ ನೋಡಿಬರುತ್ತೀರಿ.

ಪ್ರಶ್ನೆ: ಒಬ್ಬಳೇ ಹೆಂಗಸು ಓಡಾಡಲು ಸುರಕ್ಷಿತವೇ? ವಾಪಸ್ ವಿಮಾನ ಝಾವೆಂಟಮ್‌ನಿಂದ. (ದಾವಣಗೆರೆಯ ಓದುಗಿ)

ಹಗಲಲ್ಲಿ, ಜನಸಂದಣಿಯ ಬೀದಿಗಳಲ್ಲಿ ತೊಂದರೆಯಿಲ್ಲ. ಕಳ್ಳತನದ ಜಾಗಗಳು ಗೊತ್ತಿರುವಂಥವೇ: ಮಿದಿ ಮತ್ತು ನೋರ್ ನಿಲ್ದಾಣಗಳು, ತುಂಬಿದ ಮೆಟ್ರೊ. ರೈಲು ಹೊರಡುವ ಕ್ಷಣ ಒಬ್ಬ ಕಿಟಕಿ ತಟ್ಟಿ ಏನೋ ಕೇಳುತ್ತಾನೆ, ಅತ್ತ ತಿರುಗಿದಾಗ ಇನ್ನೊಬ್ಬ ತಲೆಯ ಮೇಲಿನ ಚೀಲ ಎತ್ತಿಕೊಂಡು ಇಳಿದಿರುತ್ತಾನೆ. ಚೀಲ ಕಾಲಡಿಯಲ್ಲಿರಲಿ, ಪಟ್ಟಿ ಕಾಲಿಗೆ ಸುತ್ತಿರಲಿ. ದೊಡ್ಡ ಸಾಮಾನನ್ನು ನಿಲ್ದಾಣದ ಲಾಕರ್‌ನಲ್ಲಿಟ್ಟು ಓಡಾಡಿ. ಶೌಚಾಲಯಕ್ಕೆ 50 ಸೆಂಟ್‌ನಿಂದ ಒಂದು ಯೂರೊ, ಚಿಲ್ಲರೆ ಇರಲಿ. ಮೆಟ್ರೊ ನಡುರಾತ್ರಿಯ ಸುಮಾರಿಗೆ ನಿಲ್ಲುತ್ತದೆ. ತುರ್ತಿಗೆ 112.

ವಾಪಸಾಗುವಾಗ ಟಿಕೆಟ್ ಆ್ಯಪ್‌ನಲ್ಲಿ 'ಬ್ರಸೆಲ್ಸ್ ಏರ್‌ಪೋರ್ಟ್-ಝಾವೆಂಟಮ್' ಎಂಬುದನ್ನೇ ಆರಿಸಿ. ಬರೀ 'ಝಾವೆಂಟಮ್' ಎಂಬುದು ಪಕ್ಕದ ಊರಿನ ನಿಲ್ದಾಣ, ಅಲ್ಲಿ ವಿಮಾನವಿಲ್ಲ. ಸೆಂಟ್ರಾಲ್‌ನಿಂದ ಸುಮಾರು 20 ನಿಮಿಷ. ವಿಮಾನ ನಿಲ್ದಾಣಕ್ಕೆ ದರದಲ್ಲಿ ಪ್ರತ್ಯೇಕ ಹೆಚ್ಚುವರಿ ಶುಲ್ಕ ಸೇರಿರುತ್ತದೆ. ರೈಲಿನಿಂದ ಇಳಿದ ಮೇಲೂ ಟಿಕೆಟ್ ಅಳಿಸಬೇಡಿ, ಬಿಸಾಡಬೇಡಿ. ಹೊರಹೋಗುವ ಗೇಟು ಅದನ್ನು ಮತ್ತೆ ಕೇಳುತ್ತದೆ.